ಒಂಬತ್ತು ಕೊಂಡಿಗಳ ಕೋಷ್ಟಕ: ಸರ್ಕಾರಿ ಜಾಲತಾಣದ ‘ಸ್ಕ್ರೀನ್ ರೀಡರ್’ ಪುಟವನ್ನು ಬಳಸಿ ನೋಡಿದಾಗ

ನವೆಂಬರ್ ತಿಂಗಳ ಎರಡನೆಯ ಶನಿವಾರ ಮಾಸ್ತರರು ನಮ್ಮ ಮನೆಗೆ ಬಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗ್ಲಾಕೋಮಾದಿಂದ ಅವರ ದೃಷ್ಟಿ ಹೋಗಿ ಎರಡು ವರ್ಷವಾಗಿದೆ. ನಾನು ಹುಟ್ಟಿನಿಂದಲೇ ಕಾಣದವಳು. ಧಾರವಾಡದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಶನಿವಾರ, ಭಾನುವಾರ ಎರಡೆರಡು ತಾಸು, ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡವರಿಗೆ ಕಂಪ್ಯೂಟರ್ ಕಲಿಸುತ್ತೇನೆ. ಅಂದು ಮಾಸ್ತರರಿಗೆ ಬೇಕಾಗಿದ್ದದ್ದು ಒಂದೇ ಒಂದು ಸುತ್ತೋಲೆ, ಪಿಂಚಣಿದಾರರ ಜೀವಿತ ಪ್ರಮಾಣಪತ್ರಕ್ಕೆ ಸಂಬಂಧಿಸಿದ್ದು. ಅದು ಒಂದು ಸರ್ಕಾರಿ ಇಲಾಖೆಯ ಜಾಲತಾಣದಲ್ಲಿದೆ ಎಂದು ಅವರ ಗೆಳೆಯರು ಹೇಳಿದ್ದರಂತೆ.

ಆ ಇಲಾಖೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಾನು ವಿಮರ್ಶೆ ಮಾಡಲು ಹೊರಟಿರುವ ಪುಟ ಒಂದು ಇಲಾಖೆಗೆ ಸೇರಿದ್ದಲ್ಲ. ಅದೇ ಪೀಠಿಕೆ, ಅದೇ ಕೋಷ್ಟಕ, ಹೆಚ್ಚುಕಡಿಮೆ ಅವೇ ಸಾಲುಗಳು ದೇಶದ ಎಷ್ಟೋ ಸರ್ಕಾರಿ ಜಾಲತಾಣಗಳಲ್ಲಿವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿಕೊಂಡು, ಅವರಿಂದ ಮತ್ತೊಬ್ಬರು ತೆಗೆದುಕೊಂಡು ಹಬ್ಬಿದೆ. ಸ್ಕ್ರೀನ್ ರೀಡರ್ ಎಂದರೆ ತೆರೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ. ಪುಟದ ಹೆಸರು ‘ಸ್ಕ್ರೀನ್ ರೀಡರ್ ಪ್ರವೇಶ’. ಕಾಣದವರಿಗಾಗಿಯೇ ಸರ್ಕಾರ ನೀಡುತ್ತಿರುವ ಸೇವೆ ಎಂದು ಅದರ ತಲೆಬರಹವೇ ಹೇಳುತ್ತದೆ. ಹಾಗಾದರೆ ಅದನ್ನು ಸೇವೆಯೆಂದೇ ಅಳೆಯಬೇಕು.

ಜಾಲತಾಣ ತೆರೆದ ಕೂಡಲೇ ಮೇಲಿನ ಪಟ್ಟಿಯಲ್ಲಿ ಮೂರು ವಸ್ತುಗಳು ಸಿಗುತ್ತವೆ: ‘ಮುಖ್ಯ ವಿಷಯಕ್ಕೆ ಹೋಗಿ’, ಅಕ್ಷರದ ಗಾತ್ರ ಬದಲಿಸುವ ಗುಂಡಿಗಳು, ಆಮೇಲೆ ಈ ಕೊಂಡಿ. ಮಾಸ್ತರರು ಟ್ಯಾಬ್ ಕೀಲಿ ಒತ್ತುತ್ತ ಬಂದು ಅಲ್ಲಿ ನಿಂತರು. “ತಂಗಿ, ಇದು ನಮಗಾಗಿಯೇ ಇಟ್ಟದ್ದಲ್ಲವೇ? ಮೊದಲು ಇಲ್ಲಿಗೇ ಹೋಗೋಣ” ಎಂದರು. ನಾನು ತಡೆಯಲಿಲ್ಲ. ಈ ಪುಟವನ್ನು ಹಿಂದೆ ಹತ್ತಾರು ಕಡೆ ಕಂಡು ದಾಟಿ ಹೋಗಿದ್ದೇನೆ. ಆದರೆ ಹೊಸದಾಗಿ ಕಲಿಯುವವರೊಬ್ಬರು ಅದನ್ನು ನಂಬಿ ಒಳಗೆ ಹೋದಾಗ ಏನಾಗುತ್ತದೆಂದು ಕುಳಿತು ಕೇಳಿರಲಿಲ್ಲ.

ಪೀಠಿಕೆ ನಾಲ್ಕು ವಾಕ್ಯ. ದೃಷ್ಟಿದೋಷವುಳ್ಳವರು ಸ್ಕ್ರೀನ್ ರೀಡರ್ ಮೂಲಕ ಈ ಜಾಲತಾಣವನ್ನು ಬಳಸಬಹುದು, ಇಲ್ಲಿನ ಮಾಹಿತಿ ಬೇರೆ ಬೇರೆ ಸ್ಕ್ರೀನ್ ರೀಡರ್‌ಗಳಲ್ಲಿ ಲಭ್ಯ, ಕೆಳಗಿನ ಕೋಷ್ಟಕ ನೋಡಿ ಎಂಬ ಧಾಟಿಯದು. ಆಮೇಲೆ ನಾವು ಬಳಸುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಹೇಳಿತು: “ಕೋಷ್ಟಕ, ಹತ್ತು ಸಾಲು, ಮೂರು ಅಂಕಣ.” ತಲೆಸಾಲು ಒಂದು, ತಂತ್ರಾಂಶದ ಸಾಲುಗಳು ಒಂಬತ್ತು. ಹೆಸರು, ಜಾಲತಾಣ, ಉಚಿತವೋ ವಾಣಿಜ್ಯವೋ ಎಂಬ ಮೂರು ಅಂಕಣ. ಸಾಫಾ, ಎನ್‌ವಿಡಿಎ, ಸಿಸ್ಟಮ್ ಆ್ಯಕ್ಸೆಸ್ ಟು ಗೋ, ಥಂಡರ್, ವೆಬ್‌ಎನಿವೇರ್, ಹ್ಯಾಲ್, ಜಾಸ್, ಸೂಪರ್‌ನೋವಾ, ವಿಂಡೋ-ಐಸ್. ಜಾಲತಾಣದ ಅಂಕಣದಲ್ಲಿ ಕೊಂಡಿಗೆ ಹೆಸರಿಲ್ಲ, ಇಡೀ ವಿಳಾಸವೇ ಇದೆ. ಎಚ್, ಟಿ, ಟಿ, ಪಿ ಎಂದು ಶುರುವಾಗಿ ಗೆರೆ, ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ, ಸಮಚಿಹ್ನೆಗಳವರೆಗೆ. ಬರಹವನ್ನು ಮಾತಾಗಿಸುವ ಈಸ್ಪೀಕ್ ತಂತ್ರಾಂಶದ ಕನ್ನಡ ದನಿ ಅದನ್ನೆಲ್ಲ ನಿಷ್ಠೆಯಿಂದ ಓದಿತು. ಮಾಸ್ತರರಿಗಾಗಿ ನಾನು ದನಿಯ ವೇಗವನ್ನು ಬಹಳ ತಗ್ಗಿಸಿದ್ದೆ. ಒಂಬತ್ತು ವಿಳಾಸ ಮುಗಿಯುವಷ್ಟರಲ್ಲಿ ಅವರ ಚಹಾ ಆರಿ ಹೋಗಿತ್ತು.

ಎಲ್ಲ ಕೇಳಿದ ಮೇಲೆ ಅವರೊಂದು ಪ್ರಶ್ನೆ ಕೇಳಿದರು. “ಇದರಲ್ಲಿ ನನ್ನದು ಯಾವುದು?”

ಅವರ ಕಿವಿಯಲ್ಲಿ ಮಾತನಾಡುತ್ತಿದ್ದದ್ದೇ ಎನ್‌ವಿಡಿಎ. ಆ ಪುಟವನ್ನು ಓದಿ ಹೇಳುತ್ತಿದ್ದದ್ದೂ ಅದೇ. ಆದರೂ ತನ್ನ ಬಳಿ ಇರುವುದು ಸಾಲದೇನೋ, ಈ ಜಾಲತಾಣಕ್ಕೆ ಬೇರೆಯದೇ ಬೇಕೇನೋ ಎಂಬ ಅನುಮಾನವನ್ನು ಪುಟ ಅವರಲ್ಲಿ ಹುಟ್ಟಿಸಿತ್ತು. ಕೊಂಡಿ ಎಂದರೆ ಹಾಗೆಯೇ. ಸರ್ಕಾರದ ಪುಟದಲ್ಲಿ ಒಂದು ಕೊಂಡಿ ಇದೆಯೆಂದರೆ ಅಲ್ಲಿಗೆ ಹೋಗಬೇಕು, ಹೋದರೆ ಒಳ್ಳೆಯದಾಗುತ್ತದೆ ಎಂದೇ ಓದುವವರು ತಿಳಿಯುತ್ತಾರೆ. ಕೊಟ್ಟವರು ‘ಮಾಹಿತಿಗಾಗಿ’ ಎಂದುಕೊಂಡಿರಬಹುದು, ಪಡೆದವರಿಗೆ ಅದು ಸೂಚನೆ.

ಒಂದೊಂದನ್ನೇ ಒತ್ತಿ ನೋಡಿದೆವು. ಒತ್ತಿದ ಕೂಡಲೇ ಒಂದು ಎಚ್ಚರಿಕೆಯ ಪೆಟ್ಟಿಗೆ ತೆರೆದುಕೊಳ್ಳುತ್ತದೆ: ನೀವು ಹೊರಗಿನ ಜಾಲತಾಣಕ್ಕೆ ಹೋಗುತ್ತಿದ್ದೀರಿ, ಸರಿ, ರದ್ದು. ಇದು ಇರಬೇಕಾದದ್ದೇ, ಇದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎಲ್ಲಿಗೆ ಹೋಗುತ್ತಿದ್ದೇನೆ, ಅಲ್ಲಿ ಯಾವ ಭಾಷೆ, ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆಯೇ ಎಂಬ ಮೂರರಲ್ಲಿ ಒಂದನ್ನೂ ಆ ಪೆಟ್ಟಿಗೆ ಹೇಳುವುದಿಲ್ಲ. ತೆರೆದದ್ದು ಹೊಸ ಟ್ಯಾಬ್‌ನಲ್ಲಿ. ಹಿಂದಕ್ಕೆ ಬರಲು ನಾನು ಕಲಿಸಿದ್ದಂತೆ ಮಾಸ್ತರರು ಆಲ್ಟ್ ಹಿಡಿದು ಎಡಬಾಣ ಒತ್ತಿದರು. ಏನೂ ಆಗಲಿಲ್ಲ. ಹೊಸ ಟ್ಯಾಬ್‌ಗೆ ಹಿಂದಿನ ಪುಟವೇ ಇರುವುದಿಲ್ಲ. ಮೂರು ಸಲ ಒತ್ತಿ, ತಾವೇ ಏನೋ ಕೆಡಿಸಿದ್ದೇವೆಂದು ಕೈ ಹಿಂದಕ್ಕೆ ತೆಗೆದುಕೊಂಡರು. ತಪ್ಪು ಅವರದ್ದಲ್ಲ ಎಂದು ನಾನು ಎರಡು ಸಲ ಹೇಳಬೇಕಾಯಿತು.

ಕೆಲವು ಕೊಂಡಿಗಳು ತೆರೆಯಲೇ ಇಲ್ಲ. ಕೆಲವು ಮೂಲ ಸಂಸ್ಥೆಯ ಮುಖಪುಟಕ್ಕೆ ಹೋಗಿ ನಿಂತವು, ಅಲ್ಲಿ ಎಲ್ಲವೂ ಇಂಗ್ಲಿಷ್. ವಿಂಡೋ-ಐಸ್ ಒಂದು ಕಾಲದಲ್ಲಿ ಒಳ್ಳೆಯ ಹೆಸರಿದ್ದ ತಂತ್ರಾಂಶ. ಅದರ ಮಾರಾಟ 2017ರಲ್ಲೇ ನಿಂತಿದೆ. ಕೋಷ್ಟಕದಲ್ಲಿ ಮಾತ್ರ ಅದು ಇವತ್ತಿಗೂ ‘ವಾಣಿಜ್ಯ’. ಹ್ಯಾಲ್ ಮತ್ತು ಸೂಪರ್‌ನೋವಾ ಎರಡೂ ಡಾಲ್ಫಿನ್ ಎಂಬ ಒಂದೇ ಕಂಪನಿಯವು, ಹ್ಯಾಲ್ ಹೆಸರನ್ನು ಬಿಟ್ಟು ಅವರು ಸೂಪರ್‌ನೋವಾ ಹೆಸರಿನಲ್ಲೇ ಮುಂದುವರಿದು ವರ್ಷಗಳಾಗಿವೆ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಇನ್ನೊಂದು ಕೊಂಡಿ. ಅದು ಸ್ಕ್ರೀನ್ ರೀಡರ್‌ಗೆ ಏನೇನೂ ಸಂಬಂಧವಿಲ್ಲದ ಯಾವುದೋ ಪುಟಕ್ಕೆ ಹೋಯಿತು. ವಿಳಾಸದ ಅವಧಿ ಮುಗಿದು ಬೇರೆಯವರು ಅದನ್ನು ಕೊಂಡುಕೊಂಡಿರಬೇಕು. ಕಣ್ಣಿದ್ದವರು ಪುಟದ ಬಣ್ಣ, ಚಿತ್ರ ನೋಡಿದೊಡನೆ ಇದು ಬೇರೆ ಏನೋ ಎಂದು ಮುಚ್ಚಿಬಿಡುತ್ತಾರೆ. ನಮಗೆ ಆ ಮೊದಲ ನೋಟ ಇಲ್ಲ. ಒಂದೊಂದೇ ಸಾಲು ಕೇಳಿ, ಕೊಂಡಿಗಳನ್ನು ಎಣಿಸಿ, ನಿಧಾನಕ್ಕೆ ಅನುಮಾನ ಹುಟ್ಟಬೇಕು. ಅಷ್ಟರೊಳಗೆ ‘ಡೌನ್‌ಲೋಡ್’ ಎಂಬ ಗುಂಡಿಯೊಂದು ಸಿಕ್ಕರೆ ಮಾಸ್ತರರು ಒತ್ತದೆ ಬಿಡುತ್ತಿದ್ದರೇ? ಸರ್ಕಾರವೇ ಕಳಿಸಿಕೊಟ್ಟ ಜಾಗವಲ್ಲವೇ ಅದು! ಸುಗಮ್ಯತೆಯ, ಅಂದರೆ ಅಂಗವಿಕಲರೂ ಬಳಸುವಂತಿರುವುದರ, ಹೆಸರಿನಲ್ಲಿ ಹೊರಗೆ ಕಳಿಸುವ ಪ್ರತಿಯೊಂದು ಕೊಂಡಿಯನ್ನೂ ಒಬ್ಬರು ಕಾಯಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಇಷ್ಟಕ್ಕೂ ಈ ಕೋಷ್ಟಕ ಯಾರಿಗಾಗಿ? ಸ್ಕ್ರೀನ್ ರೀಡರ್ ಇದ್ದವರಿಗೆ ಇದು ಬೇಡ. ಇಲ್ಲದವರು ಈ ಪುಟವನ್ನು ಓದಲಾರರು. ಉಳಿದವರು ಮನೆಯಲ್ಲಿ ಕಣ್ಣಿರುವ ಮಗ, ಸೊಸೆ, ಇಲ್ಲವೇ ಗ್ರಾಮ ಒನ್ ಕೇಂದ್ರದಲ್ಲಿ ಕುಳಿತ ಹುಡುಗ. ಅಂಥವರಿಗೆ ಒಂಬತ್ತು ಹೆಸರು ಕೊಟ್ಟು ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ಎರಡು ಸಾಲು. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದರಲ್ಲೇ ಇರುವ ಸ್ಕ್ರೀನ್ ರೀಡರ್ ನರೇಟರ್ ಮಾತನಾಡತೊಡಗುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್‌ಗಳು ಮೊದಲೇ ಇರುತ್ತವೆ. ಜೇಬಿನಲ್ಲಿರುವ ಮೊಬೈಲಿನ ಬಗ್ಗೆ ಕೋಷ್ಟಕದಲ್ಲಿ ಒಂದು ಅಕ್ಷರವೂ ಇಲ್ಲ.

ನಾನು ಕೊಂಡಿಗಳ ವಿರೋಧಿಯಲ್ಲ. ಎನ್‌ವಿಡಿಎ ಪಡೆಯಲು ಎನ್‌ವಿ ಆ್ಯಕ್ಸೆಸ್ ಸಂಸ್ಥೆಯ ಜಾಲತಾಣಕ್ಕೇ ಹೋಗಬೇಕು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ, ಇಂದಿಗೂ ಉಚಿತವಾಗಿರುವ ತಂತ್ರಾಂಶ ಅದು. ವರ್ಷಕ್ಕೆ ಹಲವು ಆವೃತ್ತಿ ಬರುತ್ತವೆ. ಅದರ ನಕಲನ್ನು ಇಲಾಖೆಯವರು ತಮ್ಮಲ್ಲಿ ಇಟ್ಟುಕೊಂಡರೆ ಆರು ತಿಂಗಳಿಗೆ ಹಳತಾಗುತ್ತದೆ. ಯಾವುದು ಬೇರೆಯವರ ಕೈಯಲ್ಲಿ ಬದಲಾಗುತ್ತಿರುತ್ತದೋ ಅದಕ್ಕೆ ಕೊಂಡಿಯೇ ಸರಿ, ನಕಲು ತಪ್ಪು. ಆದರೆ ನನ್ನ ಬಾಗಿಲು ಎಲ್ಲಿದೆ, ಮೆಟ್ಟಿಲು ಎಷ್ಟು, ಯಾವ ಕೋಣೆಗೆ ಇನ್ನೂ ದಾರಿಯಾಗಿಲ್ಲ ಎನ್ನುವುದನ್ನು ನಾನೇ ಹೇಳಬೇಕು. ಅದನ್ನು ತಿಳಿಯಲು ಬಂದವರನ್ನು ಬೇರೆ ಊರಿಗೆ ಕಳಿಸಬಾರದು. ಈ ಪುಟ ಎರಡನ್ನೂ ತಿರುವುಮುರುವು ಮಾಡಿದೆ. ಬದಲಾಗುವ ಸಂಗತಿಯನ್ನು ಕೋಷ್ಟಕದಲ್ಲಿ ಹೆಪ್ಪುಗಟ್ಟಿಸಿದೆ, ತನ್ನ ಬಗ್ಗೆ ಹೇಳಬೇಕಾದದ್ದನ್ನು ಹೇಳಿಯೇ ಇಲ್ಲ.

ಸರಿಯಾಗಿ ಮಾಡಿದವರನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ 2018ರ ನಿಯಮಗಳ ಪ್ರಕಾರ ಸರ್ಕಾರಿ ಜಾಲತಾಣಗಳು ಸುಗಮ್ಯತೆಯ ಹೇಳಿಕೆಯನ್ನು ಪ್ರಕಟಿಸಬೇಕು. ಅದಕ್ಕೆ ಅಲ್ಲಿನ ಸರ್ಕಾರವೇ ಒಂದು ಮಾದರಿ ಕೊಟ್ಟಿದೆ. ಆ ಮಾದರಿಯನ್ನು ನಾನು ತುದಿಯಿಂದ ತುದಿಗೆ ಕೇಳಿದ್ದೇನೆ. ಇಲ್ಲಿ ನೀವು ಏನೇನು ಮಾಡಬಹುದು, ಯಾವ ಭಾಗ ಇನ್ನೂ ಸುಗಮವಾಗಿಲ್ಲ, ಬೇರೆ ರೂಪದಲ್ಲಿ ಮಾಹಿತಿ ಬೇಕಾದರೆ ಯಾರನ್ನು ಕೇಳಬೇಕು, ಉತ್ತರ ಬರದಿದ್ದರೆ ಯಾರಿಗೆ ದೂರು ಕೊಡಬೇಕು, ಎಲ್ಲವೂ ಆ ಪುಟದಲ್ಲೇ ಇವೆ. ನಿಮ್ಮ ಯಂತ್ರವನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳುವುದು ಹೇಗೆಂಬ ವಿಷಯಕ್ಕೆ ಹೊರಗೆ ಕಳಿಸುತ್ತಾರೆ, ಎಬಿಲಿಟಿನೆಟ್ ಎಂಬ ಸಂಸ್ಥೆಯ ಪುಟಕ್ಕೆ. ಎಷ್ಟೋ ಬಗೆಯ ಫೋನು, ಕಂಪ್ಯೂಟರ್‌ಗಳಿಗೆ ಹಂತಹಂತವಾಗಿ ಬರೆದು, ಬದಲಾದಾಗ ತಿದ್ದುವುದು ಅವರ ಕೆಲಸ. ಒಂದು ಇಲಾಖೆಯ ಕೈಯಲ್ಲಿ ಆಗುವ ಮಾತಲ್ಲ. ಒಂದು ಕೊಂಡಿ, ಅದಕ್ಕೊಂದು ಕಾರಣ, ವಾಕ್ಯದಲ್ಲೇ ಅಲ್ಲಿ ಏನು ಸಿಗುತ್ತದೆಂಬ ಮಾತು. ನನಗೆ ಬೇಕಾದದ್ದು ಇಷ್ಟೇ.

ಇನ್ನೊಂದು, ಜಾಲದ ಮಾನದಂಡಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಡಬ್ಲ್ಯು3ಸಿಯ ಸುಗಮ್ಯತೆಯ ಮಾರ್ಗಸೂಚಿ, ಡಬ್ಲ್ಯುಸಿಎಜಿ. ಅದರ 2.2 ಆವೃತ್ತಿ 2023ರ ಅಕ್ಟೋಬರ್ 5ರಂದು ಬಂದದ್ದು. ನಮ್ಮ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿಯೂ ಸುಗಮ್ಯತೆಯ ವಿಷಯದಲ್ಲಿ ಡಬ್ಲ್ಯುಸಿಎಜಿಯನ್ನೇ ಆಧರಿಸಿದೆ. ಮೂಲ ನಿಯಮ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಇವೆ. ವಿವರಣೆಯ ಪುಟದಲ್ಲಿ ನಿಯಮದ ಉದ್ದೇಶ, ಯಾರಿಗೆ ಅನುಕೂಲ, ಉದಾಹರಣೆಗಳು ಎಲ್ಲ ಮುಗಿದ ಮೇಲೆ ‘ಸಂಬಂಧಿತ ಸಂಪನ್ಮೂಲ’ ಎಂಬ ಪ್ರತ್ಯೇಕ ಶೀರ್ಷಿಕೆಯ ಕೆಳಗೆ ಹೊರಗಿನ ಕೊಂಡಿಗಳು ಬರುತ್ತವೆ. ಇವು ಮಾಹಿತಿಗಾಗಿ ಮಾತ್ರ, ನಮ್ಮ ಶಿಫಾರಸೆಂದು ತಿಳಿಯಬೇಡಿ ಎಂಬ ಮಾತು ಜೊತೆಗಿರುತ್ತದೆ. ಶೀರ್ಷಿಕೆಯಿಂದ ಶೀರ್ಷಿಕೆಗೆ ಎಚ್ ಕೀಲಿ ಒತ್ತುತ್ತ ಹಾರುವ ನನ್ನಂಥವಳಿಗೆ ಇದು ದೊಡ್ಡ ಉಪಕಾರ. ಒಂದು ಕೊಂಡಿಯನ್ನೂ ತೆರೆಯದೆ ಪುಟ ಮುಚ್ಚಿದರೂ ನಿಯಮ ತಿಳಿದಿರುತ್ತದೆ. ಹೊರಗಿನದು ಸತ್ತುಹೋದರೂ ಒಳಗಿನ ಮಾತು ಕುಂದುವುದಿಲ್ಲ. ಯಾವ ಮಾರ್ಗದರ್ಶನಕ್ಕೇ ಆಗಲಿ ನಾನು ಹಾಕುವ ಪರೀಕ್ಷೆ ಇದು: ಹೊರಗಿನ ಕೊಂಡಿಗಳನ್ನೆಲ್ಲ ಕಿತ್ತು ಹಾಕಿದರೆ ಉಳಿಯುವುದೇನು? ನಮ್ಮ ಕೋಷ್ಟಕದಲ್ಲಿ ಉಳಿಯುವುದು ಒಂಬತ್ತು ಹೆಸರು.

ಹೊಸ ಟ್ಯಾಬ್‌ನಲ್ಲಿ ತೆರೆಯುವುದಾದರೆ ಮೊದಲೇ ತಿಳಿಸಿ ಎನ್ನುವುದು ಅದೇ ಸಂಸ್ಥೆಯ ಸಲಹೆಗಳಲ್ಲಿ ಜಿ201 ಎಂಬ ಸಂಖ್ಯೆಯದು. ಅದನ್ನು ಪಾಲಿಸಿದ್ದರೆ ಮಾಸ್ತರರು ಕೀಲಿಮಣೆಯಿಂದ ಕೈ ತೆಗೆಯುತ್ತಿರಲಿಲ್ಲ.

ನಮ್ಮಲ್ಲಿ ನಿಯಮಗಳಿಲ್ಲ ಎಂದೇನೂ ಅಲ್ಲ. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲೇ ಬಂದು, 2018ರಲ್ಲಿ ಪರಿಷ್ಕಾರಗೊಂಡು, 2023ರಲ್ಲಿ ಮೂರನೆಯ ಆವೃತ್ತಿ ಕಂಡಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಆ ತೀರ್ಪಿನ ಸುದ್ದಿಯನ್ನು ನಾನು ಇದೇ ಕೋಣೆಯಲ್ಲಿ, ಇದೇ ಈಸ್ಪೀಕ್ ದನಿಯಲ್ಲಿ ಎರಡು ಸಲ ಕೇಳಿದ್ದೆ. ಹೀಗಿರುವಾಗ ‘ಸ್ಕ್ರೀನ್ ರೀಡರ್ ಪ್ರವೇಶ’ ಎಂಬ ಪುಟ ಪರಿಶೀಲನಾ ಪಟ್ಟಿಯಲ್ಲಿ ಒಂದು ಗುರುತು ಹಾಕಲಿಕ್ಕೆ ಇರುವ ವಸ್ತುವಾಗಿ ಉಳಿಯಬಾರದು.

ಸುತ್ತೋಲೆಯ ವಿಷಯಕ್ಕೆ ಬರುತ್ತೇನೆ. ಕೋಷ್ಟಕ ಬಿಟ್ಟು ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡಿದೆವು. ಸಿಕ್ಕಿತು. ಪಿಡಿಎಫ್ ಕಡತ, ತೆರೆದೂ ಬಂತು. ಎನ್‌ವಿಡಿಎ ಓದಲು ಶುರು ಮಾಡಿತು. ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಬಿಡಿ ಬಿಡಿ ಇಂಗ್ಲಿಷ್ ಅಕ್ಷರಗಳು, ನಡುನಡುವೆ “ಪೌಂಡ್, ಪೌಂಡ್” ಎಂಬ ಕೂಗು. ಮಾಸ್ತರರು ಗಾಬರಿಯಾಗಿ, “ಇದೇನು ಇಂಗ್ಲೆಂಡಿನ ದುಡ್ಡಿನ ಲೆಕ್ಕವೇ?” ಎಂದರು.

ಅದು ‘ನುಡಿ’ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೆಯ ಫಾಂಟ್. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಅಲ್ಲದ ಆ ಬರಹದಲ್ಲಿ ಕನ್ನಡದ ಅಕ್ಷರಗಳು ತೆರೆಯ ಮೇಲೆ ಮಾತ್ರ ಕನ್ನಡ. ಒಳಗೆ ಕೂತಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ‘ನ’ ಎಂದು ಕಾಣುವ ಕಡೆ ಒಳಗಿರುವುದು ಪೌಂಡ್ ಚಿಹ್ನೆ. ‘ಕನ್ನಡ’ ಎಂಬ ಪದದಲ್ಲೇ ಒಂದು ಪೌಂಡ್ ಇದೆ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಕಿವಿಗೆ ಅರ್ಥವಿಲ್ಲದ ಸದ್ದು. ಇದನ್ನು ಓದಬಲ್ಲ ಸ್ಕ್ರೀನ್ ರೀಡರ್ ಆ ಕೋಷ್ಟಕದ ಒಂಬತ್ತರಲ್ಲಿ ಒಂದೂ ಇಲ್ಲ. ತೊಂದರೆ ಇರುವುದು ಸ್ಕ್ರೀನ್ ರೀಡರ್‌ನಲ್ಲಿ ಅಲ್ಲ, ಕಡತದಲ್ಲಿ. ಆ ಪುಟ ಹೇಳಬೇಕಾಗಿದ್ದ ಒಂದೇ ಒಂದು ನಿಜವಾದ ಮಾತು ಇದಾಗಿತ್ತು: ನಮ್ಮ ಹಳೆಯ ಸುತ್ತೋಲೆಗಳು ಯೂನಿಕೋಡ್‌ನಲ್ಲಿಲ್ಲ, ಸ್ಕ್ರೀನ್ ರೀಡರ್ ಅವನ್ನು ಓದಲಾರದು, ಓದಬಲ್ಲ ಪ್ರತಿ ಬೇಕಾದವರು ಈ ಸಂಖ್ಯೆಗೆ ಕರೆ ಮಾಡಿ. ಇದಕ್ಕೆ ಯಾವ ಹೊರಗಿನ ಕೊಂಡಿಯೂ ಬೇಡ. ಜಗತ್ತಿನ ಬೇರೆ ಯಾವ ಜಾಲತಾಣವೂ ಇದನ್ನು ಹೇಳಲು ಸಾಧ್ಯವಿಲ್ಲ, ಏಕೆಂದರೆ ಇದು ಆ ಇಲಾಖೆಗೆ ಮಾತ್ರ ಗೊತ್ತಿರುವ ವಿಷಯ.

ಕೊನೆಗೆ ಪಕ್ಕದ ಮನೆಯ ಹುಡುಗಿಯನ್ನು ಕರೆದು ಓದಿಸಿದೆವು. ಎರಡು ಪುಟ, ನಾಲ್ಕು ನಿಮಿಷ. ಮಾಸ್ತರರು ಮಾತಿಲ್ಲದೆ ಕೇಳಿದರು. ಹುಡುಗಿ ಹೋದ ಮೇಲೆ, “ನಾನೇ ಓದಬೇಕೆಂದು ಬಂದಿದ್ದೆ” ಎಂದಷ್ಟೇ ಹೇಳಿದರು.

ಅಂಕ ಕೊಡುವುದಾದರೆ ಐದಕ್ಕೆ ಒಂದು. ಆ ಒಂದು ಯಾವುದಕ್ಕೆಂದರೆ, ಪುಟ ಸಿಗುವ ಜಾಗಕ್ಕೆ. ಕೆಲವೇ ಸಲ ಟ್ಯಾಬ್ ಕೀಲಿ ಒತ್ತಿದರೆ ಸಿಗುತ್ತದೆ, ಎಲ್ಲ ಜಾಲತಾಣದಲ್ಲೂ ಹೆಚ್ಚುಕಡಿಮೆ ಅದೇ ಕಡೆ ಇರುತ್ತದೆ. ಅಷ್ಟು ಒಳ್ಳೆಯ ಜಾಗವನ್ನು ಕೊಟ್ಟವರು ಅಲ್ಲಿ ಇಡಬೇಕಾದದ್ದನ್ನು ಇಟ್ಟರೆ ನಾಳೆಯೇ ನಾಲ್ಕು ಕೊಡುತ್ತೇನೆ.

ಆ ವಾರವೇ ಇಲಾಖೆಯ ಜಾಲತಾಣದ ಮಾಹಿತಿ ವ್ಯವಸ್ಥಾಪಕರಿಗೆ ಪತ್ರ ಬರೆದೆ. ಮಾರ್ಗಸೂಚಿಯ ಪ್ರಕಾರ ಆ ಹುದ್ದೆಯವರ ವಿಳಾಸ ಜಾಲತಾಣದಲ್ಲಿರಬೇಕು, ಇತ್ತು. ಒಂಬತ್ತು ಕೊಂಡಿಗಳಲ್ಲಿ ಯಾವುದು ಏನಾಗಿದೆ ಎಂದು ಸಾಲುಸಾಲಾಗಿ ಬರೆದೆ. ಅವಧಿ ಮುಗಿದ ವಿಳಾಸವನ್ನು ಇಂದೇ ತೆಗೆಯಿರಿ ಎಂದು ಕೇಳಿಕೊಂಡೆ. ಎನ್‌ವಿಡಿಎಗೆ ಒಂದು ಕೊಂಡಿ ಉಳಿಸಿ, ‘ಎನ್‌ವಿಡಿಎ ಡೌನ್‌ಲೋಡ್ ಪುಟ, ಇಂಗ್ಲಿಷ್‌ನಲ್ಲಿದೆ, ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆ’ ಎಂದು ಕೊಂಡಿಗೇ ಹೆಸರಿಡಿ ಎಂದೆ. ಫೋನಿನ ಬಗ್ಗೆ ಎರಡು ಸಾಲು, ನುಡಿ ಕಡತಗಳ ಬಗ್ಗೆ ಮೂರು ಸಾಲು ನಾನೇ ಕನ್ನಡದಲ್ಲಿ ಬರೆದು ಕಳಿಸಿದೆ, ಹಾಗೆಯೇ ಹಾಕಿಕೊಳ್ಳಬಹುದು ಎಂದೂ ಸೇರಿಸಿದೆ. ‘ನಿಮ್ಮ ಸಲಹೆಯನ್ನು ಪರಿಗಣಿಸಲಾಗುವುದು’ ಎಂಬ ಉತ್ತರ ಬಂತು.

ನನ್ನ ತರಗತಿಗೆ ಬರುವವರಿಗೆ ಒಂದು ಪುಟದ ಕನ್ನಡ ಟಿಪ್ಪಣಿ ಮಾಡಿಕೊಟ್ಟಿದ್ದೇನೆ. ಎನ್‌ವಿಡಿಎ ಶುರು ಮಾಡಲು ಕಂಟ್ರೋಲ್, ಆಲ್ಟ್, ಎನ್. ಶೀರ್ಷಿಕೆಗೆ ಎಚ್, ಕೊಂಡಿಗೆ ಕೆ, ಕೋಷ್ಟಕಕ್ಕೆ ಟಿ. ಪುಟದ ಕೊಂಡಿಗಳ ಪಟ್ಟಿಗೆ ಇನ್ಸರ್ಟ್ ಮತ್ತು ಎಫ್7. ಹೊಸ ಟ್ಯಾಬ್ ತೆರೆದುಕೊಂಡು ಹಿಂದೆ ಬರಲಾಗದಿದ್ದರೆ ಕಂಟ್ರೋಲ್ ಮತ್ತು ಡಬ್ಲ್ಯು. ಇದರಲ್ಲಿ ಹೊರಗಿನ ಕೊಂಡಿ ಒಂದೇ. ತಿಂಗಳ ಮೊದಲ ಭಾನುವಾರ ತರಗತಿ ಶುರುವಾಗುವ ಮೊದಲು ಅದನ್ನು ಒತ್ತಿ ನೋಡುತ್ತೇನೆ.

ಫೆಬ್ರುವರಿಯ ಮೊದಲ ಭಾನುವಾರ ಅದನ್ನು ನೋಡಿದ ಮೇಲೆ ಇಲಾಖೆಯ ಪುಟವನ್ನೂ ತೆರೆದೆ. ಟಿ ಒತ್ತಿದೆ. “ಕೋಷ್ಟಕ, ಎಂಟು ಸಾಲು, ಮೂರು ಅಂಕಣ.” ಮೊದಲಿದ್ದದ್ದು ಹತ್ತು. ಯಾವುದು ಹೋಯಿತೆಂದು ಕಂಟ್ರೋಲ್, ಆಲ್ಟ್ ಹಿಡಿದು ಕೆಳಬಾಣ ಒತ್ತುತ್ತ ಇಳಿದೆ. ವಿಂಡೋ-ಐಸ್ ಇರಲಿಲ್ಲ. ಆ ಅವಧಿ ಮುಗಿದ ವಿಳಾಸದ ಸಾಲೂ ಇರಲಿಲ್ಲ. ಮಾಸ್ತರರಿಗೆ ಫೋನ್ ಮಾಡಿ ಹೇಳಿದೆ. “ಸುತ್ತೋಲೆ?” ಎಂದು ಕೇಳಿದರು. ಅದನ್ನೂ ತೆರೆದೆ. ಇನ್ನೂ ಪೌಂಡ್, ಪೌಂಡ್ ಎನ್ನುತ್ತಿತ್ತು. ಇವತ್ತು ಎರಡನೆಯ ಪತ್ರ ಬರೆದಿದ್ದೇನೆ, ಈ ಸಲ ಕೆಳಗೆ ಮಾಸ್ತರರ ಸಹಿಯೂ ಇದೆ.